ಬಕೆಟ್ಟು, ಪೈಪು ಮತ್ತು ಬರಗಾಲದ ಕಾರು

2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರಿನಿಂದ ವಾಹನ ತೊಳೆಯುವಂತಿಲ್ಲ, ಕೈತೋಟಕ್ಕೆ ಹಾಯಿಸುವಂತಿಲ್ಲ, ಕಟ್ಟಡ ಕಟ್ಟಲು, ರಸ್ತೆ ತೊಳೆಯಲು, ಕಾರಂಜಿ ಚಿಮ್ಮಿಸಲು ಬಳಸುವಂತಿಲ್ಲ. ತಪ್ಪಿದರೆ 5,000 ರೂಪಾಯಿ ದಂಡ. ಮತ್ತೆ ತಪ್ಪಿದರೆ ಅದರ ಮೇಲೆ ದಿನಕ್ಕೆ 500 ರೂಪಾಯಿ. ತಿಂಗಳು ಮುಗಿಯುವ ಮೊದಲೇ 22 ಮನೆಗಳಿಂದ 1.1 ಲಕ್ಷ ರೂಪಾಯಿ ವಸೂಲಾಗಿದೆ ಎಂಬ ಸುದ್ದಿ ಬಂತು.

ಪಟ್ಟಿ ಉದ್ದದ್ದಿತ್ತು. ಜನರ ಬಾಯಲ್ಲಿ ಉಳಿದದ್ದು ಮಾತ್ರ ಒಂದೇ ಮಾತು: ಕಾರು ತೊಳೆದರೆ ಐದು ಸಾವಿರ. ಹಾಲಿನ ಬೂತಿನಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ ಎಲ್ಲೆಲ್ಲೂ ಅದೇ. ಕಟ್ಟಡದ ಕಾಂಕ್ರೀಟಿಗೆ ಹೋಗುವ ನೀರಿನ ಮುಂದೆ ಕಾರಿನ ಮೈಗೆ ಹೋಗುವ ನೀರು ಎಷ್ಟರದು ಎಂದು ಲೆಕ್ಕ ಹಾಕಿದವರು ಕಡಿಮೆ. ಇದು ಬೆಂಗಳೂರಿನ ವಿಶೇಷವೇನಲ್ಲ. ಕಾರುಗಳಿರುವ ಊರಿಗೆ ಬರ ಬಂದಾಗಲೆಲ್ಲ ಆಳುವವರ ಕಣ್ಣು ಮೊದಲು ಬೀಳುವುದು ಕಾರಿನ ಮೇಲೆ. ಅದಕ್ಕೆ ಕಾರಣವೂ ಇದೆ. ಬಚ್ಚಲಲ್ಲಿ ಎಷ್ಟು ನೀರು ಸುರಿದುಕೊಂಡರೂ ಯಾರಿಗೂ ಕಾಣದು. ಕಾರು ತೊಳೆಯುವುದು ಬೀದಿಯಲ್ಲಿ. ಎದುರು ಮನೆಯವರು ಖಾಲಿ ಕೊಡ ಹಿಡಿದು ನಿಂತಿರುವಾಗ ಈಚೆ ಮನೆಯ ಗೇಟಿನಿಂದ ನೊರೆ ನೀರು ಮೋರಿಗೆ ಹರಿದು ಬಂದರೆ, ಅಲ್ಲಿ ಲೀಟರುಗಳ ಲೆಕ್ಕಕ್ಕಿಂತ ದೊಡ್ಡದೇನೋ ಕದಡುತ್ತದೆ. ಕಾರಿನ ಮೇಲಿನ ನಿರ್ಬಂಧ ನೀರನ್ನು ಎಷ್ಟು ಉಳಿಸುತ್ತದೋ ಗೊತ್ತಿಲ್ಲ, ಬೀದಿಯ ಶಾಂತಿಯನ್ನಂತೂ ಉಳಿಸುತ್ತದೆ.

ಈ ನಿರ್ಬಂಧಗಳಿಗೆ ಎಂಟು ದಶಕಗಳ ಚರಿತ್ರೆಯಿದೆ. ಅದನ್ನು ಓದುತ್ತ ಹೋದಾಗ ನನಗೆ ಕುತೂಹಲ ಹುಟ್ಟಿಸಿದ್ದು, ಒಂದೊಂದು ಊರಿನ ಕಾನೂನೂ ಒಂದೊಂದು ಬೇರೆ ಪ್ರಶ್ನೆ ಕೇಳಿದೆ ಎಂಬುದು.

ಇಂಗ್ಲೆಂಡಿನ ಕಾನೂನು ಕೇಳಿದ್ದು 'ಯಾವುದರಿಂದ ತೊಳೆಯುತ್ತೀರಿ?' ಎಂದು. ಅಲ್ಲಿನ 1945ರ ಜಲ ಕಾಯ್ದೆಯಲ್ಲಿ, ನೀರಿನ ಕೊರತೆ ಬಂದಾಗ ಖಾಸಗಿ ತೋಟಕ್ಕೆ ಹಾಯಿಸಲು ಮತ್ತು ಖಾಸಗಿ ಕಾರು ತೊಳೆಯಲು ರಬ್ಬರ್ ಪೈಪು ಬಳಸುವುದನ್ನು ತಡೆಯುವ ಅಧಿಕಾರವನ್ನು ನೀರು ಸರಬರಾಜು ಮಾಡುವವರಿಗೆ ಕೊಡಲಾಯಿತು. ಗಮನಿಸಿ, ತಡೆದದ್ದು ಕಾರು ತೊಳೆಯುವುದನ್ನಲ್ಲ, ಪೈಪನ್ನು. ಬಕೆಟ್ಟಿನಲ್ಲಿ ನೀರು ತಂದು ಸ್ಪಂಜಿನಿಂದ ಒರೆಸಿಕೊಳ್ಳಲು ಅಡ್ಡಿಯಿರಲಿಲ್ಲ. ಇಂದಿಗೂ ಅಲ್ಲಿ ಬೇಸಿಗೆ ಕಾವೇರಿದಾಗ ಜಾರಿಗೆ ಬರುವ ನಿಷೇಧಕ್ಕೆ ಜನ ಕರೆಯುವ ಹೆಸರು ಪೈಪಿನ ನಿಷೇಧವೆಂದೇ.

1976ರಲ್ಲಿ ಅಲ್ಲಿ ದೊಡ್ಡ ಬರ ಬಂತು. ಜೂನ್ ಕೊನೆ, ಜುಲೈ ಮೊದಲಲ್ಲಿ ದಿನಗಟ್ಟಲೆ ಬಿಸಿಲು 32 ಡಿಗ್ರಿ ದಾಟಿತು. ನಮಗೆ ಅದು ಹಿತವಾದ ಹವೆ, ಅವರಿಗೆ ಪ್ರಳಯ. ಕೆಲವು ಕಡೆ ಮನೆಯ ನಲ್ಲಿ ನಿಲ್ಲಿಸಿ, ಜನ ಬೀದಿ ನಲ್ಲಿಯ ಮುಂದೆ ಬಕೆಟ್ಟು ಹಿಡಿದು ಸಾಲು ನಿಂತರು. ಪಾರ್ಲಿಮೆಂಟು ಆಗಸ್ಟಿನಲ್ಲಿ ಬರಗಾಲದ ಕಾಯ್ದೆಯನ್ನೇ ಮಾಡಿತು. ತಿಂಗಳ ಕೊನೆಯಲ್ಲಿ ಡೆನಿಸ್ ಹೊವೆಲ್ ಎಂಬ ಮಂತ್ರಿಗೆ ಬರದ ಹೊಣೆ ವಹಿಸಿದರು. ಆತ ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ ಮಳೆ ಹುಯ್ಯಿತು. ನಮ್ಮಲ್ಲಾಗಿದ್ದರೆ ಅವರ ಹೆಸರಿನಲ್ಲಿ ಒಂದು ಗುಡಿಯನ್ನೇ ಕಟ್ಟಿಬಿಡುತ್ತಿದ್ದರೇನೋ.

ಆಸ್ಟ್ರೇಲಿಯಾ ಇದೇ ಪ್ರಶ್ನೆಯನ್ನು ಇನ್ನಷ್ಟು ಸೂಕ್ಷ್ಮಗೊಳಿಸಿತು. ಈ ಶತಮಾನದ ಮೊದಲ ದಶಕದಲ್ಲಿ ಅಲ್ಲಿ ವರ್ಷಗಟ್ಟಲೆ ಎಳೆದ ಬರದಲ್ಲಿ ಮೆಲ್ಬರ್ನ್, ಬ್ರಿಸ್ಬೇನ್ ನಗರಗಳು ಹಂತಹಂತವಾಗಿ ನಿರ್ಬಂಧ ಬಿಗಿ ಮಾಡುತ್ತ ಹೋದವು. ಬಿಗಿಯಾದ ಹಂತಗಳಲ್ಲಿ ಮನೆಯ ಮುಂದೆ ಇಡೀ ಕಾರು ತೊಳೆಯುವಂತಿರಲಿಲ್ಲ. ಕಿಟಕಿಯ ಗಾಜು, ಕನ್ನಡಿ, ದೀಪಗಳನ್ನು ಮಾತ್ರ ಬಕೆಟ್ ನೀರಿನಲ್ಲಿ ಒರೆಸಬಹುದಿತ್ತು. ಹಕ್ಕಿಯ ಹಿಕ್ಕೆಯಂಥ, ಬಣ್ಣ ತಿನ್ನುವ ಕೊಳೆ ಬಿದ್ದರೆ ಬಿದ್ದ ಜಾಗವನ್ನಷ್ಟೇ ತೆಗೆಯಬಹುದಿತ್ತು. ಈ ನಿಯಮ ಬರೆದವರು ಕಾರನ್ನೂ ಬಲ್ಲವರು, ಬರವನ್ನೂ ಬಲ್ಲವರು. ದಾರಿ ಕಾಣಬೇಕು, ಲೋಹ ಉಳಿಯಬೇಕು. ಹೊಳಪು ಮಳೆ ಬರುವವರೆಗೆ ಕಾಯಬಹುದು.

ಕ್ಯಾಲಿಫೋರ್ನಿಯಾದಲ್ಲಿ 2014ರ ಜುಲೈಯಲ್ಲಿ ಬಂದ ತುರ್ತು ನಿಯಮವೂ ಪೈಪಿನ ಬಗೆಗೇ ಇತ್ತು. ತುದಿಯಲ್ಲಿ ಒತ್ತಿದರೆ ಮಾತ್ರ ನೀರು ಬರುವ ಗುಂಡಿಯಿಲ್ಲದ ಪೈಪಿನಿಂದ ಕಾರು ತೊಳೆದರೆ ದಿನಕ್ಕೆ 500 ಡಾಲರ್‌ವರೆಗೆ ದಂಡ. ಮರುವರ್ಷ ಏಪ್ರಿಲ್ 1ರಂದು ರಾಜ್ಯಪಾಲ ಜೆರ್ರಿ ಬ್ರೌನ್ ಸಿಯೆರಾ ಬೆಟ್ಟಗಳಲ್ಲಿ ಹಿಮ ಅಳೆಯುವ ಜಾಗಕ್ಕೆ ಹೋಗಿ, ಹಿಮವಿರಬೇಕಾದ ಕಡೆ ಒಣ ಹುಲ್ಲಿನ ಮೇಲೆ ನಿಂತು, ನಗರಗಳ ನೀರನ್ನು ಶೇ. 25ರಷ್ಟು ಕಡಿತ ಮಾಡಿದರು. ಲಾಸ್ ಏಂಜಲೀಸಿನ ಪರಿಸರದವರು ಅರವತ್ತು ದಿನ ಕಾರು ತೊಳೆಯುವುದಿಲ್ಲವೆಂದು ಜನರಿಂದ ಪ್ರತಿಜ್ಞೆ ಮಾಡಿಸಿದರು. ಕಾರು ಎಷ್ಟು ಹೊಳೆದರೆ ಅಷ್ಟು ಮರ್ಯಾದೆ ಎನ್ನುವ ಊರಿನಲ್ಲಿ ಧೂಳೇ ಕೆಲವು ತಿಂಗಳ ಮಟ್ಟಿಗೆ ಮರ್ಯಾದೆಯಾಯಿತು.

ಕೇಪ್‌ಟೌನ್ ಬೇರೆಯೇ ಪ್ರಶ್ನೆ ಕೇಳಿತು: 'ಯಾವ ನೀರಿನಿಂದ ತೊಳೆಯುತ್ತೀರಿ?' 2018ರ ಫೆಬ್ರವರಿಯಿಂದ ಅಲ್ಲಿ ತಲೆಗೆ ದಿನಕ್ಕೆ 50 ಲೀಟರ್ ಎಂದು ಮಿತಿ ಹಾಕಿದರು. ಊರಿನ ನಲ್ಲಿಗಳು ಒಣಗುವ ದಿನವನ್ನು ಮುಂಚಿತವಾಗಿ ಲೆಕ್ಕ ಹಾಕಿ ಜನರ ಮುಂದಿಟ್ಟರು. ನಗರಪಾಲಿಕೆಯ ಕುಡಿಯುವ ನೀರಿನಿಂದ ಕಾರು ತೊಳೆಯುವುದು ಪೂರ್ತಿ ನಿಷೇಧ. ಬಕೆಟ್ಟೂ ಇಲ್ಲ, ಪೈಪೂ ಇಲ್ಲ. ಕುಡಿಯಲು ಬಾರದ ನೀರು ಬಳಸಿ, ಇಲ್ಲವೇ ನೀರೇ ಬೇಡದ ದ್ರವ ಹಚ್ಚಿ ಒರೆಸಿ ಎಂದರು.

ಬೆಂಗಳೂರಿನ 2024ರ ಆದೇಶ ಇದೇ ಜಾತಿಯದು. ಪೈಪೋ ಬಕೆಟ್ಟೋ ಎಂಬ ಭೇದ ಮಾಡದೆ, ಕುಡಿಯುವ ನೀರೋ ಅಲ್ಲವೋ ಎಂದಷ್ಟೇ ಕೇಳಿತು. ಅದೇ ಬೇಸಿಗೆಯ ಮೇ ಕೊನೆಯಲ್ಲಿ ದೆಹಲಿ ಸರ್ಕಾರ ಹೊರಡಿಸಿದ ಆದೇಶದಲ್ಲಿ ಪೈಪಿನಿಂದ ಕಾರು ತೊಳೆದರೆ 2,000 ರೂಪಾಯಿ ದಂಡ ಎಂದಿತ್ತು. ಒಂದೇ ದೇಶ, ಒಂದೇ ಬೇಸಿಗೆ. ದೆಹಲಿಯ ಪ್ರಶ್ನೆ ಇಂಗ್ಲೆಂಡಿನದು, ಬೆಂಗಳೂರಿನ ಪ್ರಶ್ನೆ ಕೇಪ್‌ಟೌನಿನದು.

ಬೆಂಗಳೂರು ಈ ಪ್ರಶ್ನೆ ಕೇಳಿದ್ದರ ಹಿಂದೆ ಅದರ ನೀರಿನ ಚರಿತ್ರೆಯೇ ಇದೆ. ನದಿಯಿಲ್ಲದ ಊರು ಇದು. ಬಹುಕಾಲ ಕೆರೆ, ಬಾವಿ, ಕಲ್ಯಾಣಿಗಳಿಂದಲೇ ಬದುಕಿತು. ಪೇಟೆಗೆ ನೀರು ಕೊಡುತ್ತಿದ್ದ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಆ ಕಾಲದಲ್ಲಿ ಗಾಡಿಯನ್ನೋ ಎತ್ತನ್ನೋ ತೊಳೆಯಬೇಕಾದರೆ ನೀರನ್ನು ಅದರ ಬಳಿಗೆ ತರುತ್ತಿರಲಿಲ್ಲ, ಅದನ್ನೇ ನೀರಿಗೆ ಇಳಿಸುತ್ತಿದ್ದರು. ಕೆರೆ ತಗ್ಗಿದ್ದರೆ ಇಳಿದವನ ಕಣ್ಣಿಗೇ ಬೀಳುತ್ತಿತ್ತು. ಬರದ ಸುದ್ದಿಯನ್ನು ಯಾರೂ ಆದೇಶ ಮಾಡಿ ಹೇಳಬೇಕಾಗಿರಲಿಲ್ಲ.

ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಊರಿಗೆ ಕೊಳವೆ ಹಾಕಿದರು. 1896ರಲ್ಲಿ ಆ ನೀರು ಬೆಂಗಳೂರಿಗೆ ಬಂತು. ಸೋಲದೇವನಹಳ್ಳಿಯಲ್ಲಿ ಉಗಿ ಯಂತ್ರ ಅದನ್ನು ಎತ್ತಿ ತಳ್ಳುತ್ತಿತ್ತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಹೆಸರಘಟ್ಟ ಸಾಲದಾದಾಗ, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಬಂತು. ಅದೂ ಸಾಲದಾಗಿ 1974ರಲ್ಲಿ ಕಾವೇರಿ ಬಂದಳು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹೆಚ್ಚುಕಡಿಮೆ 500 ಮೀಟರ್ ಎತ್ತರಕ್ಕೆ ಆ ನೀರನ್ನು ಹತ್ತಿಸಬೇಕು. ಒಂದೊಂದು ಹೆಜ್ಜೆಗೂ ನೀರು ಊರಿನಿಂದ ದೂರವಾಯಿತು, ಕಣ್ಣಿನಿಂದ ಮರೆಯಾಯಿತು. ನಲ್ಲಿ ತಿರುಗಿಸುವವನಿಗೆ ತೊರೆಕಾಡನಹಳ್ಳಿ ಕಾಣದು.

ಕಾವೇರಿಯೂ ಎಲ್ಲರಿಗೂ ಬರಲಿಲ್ಲ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಬಹುಭಾಗ ಕೊಳವೆಬಾವಿ, ಟ್ಯಾಂಕರುಗಳನ್ನೇ ನೆಚ್ಚಿಕೊಂಡಿತ್ತು. 2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದರು. ಮರುವರ್ಷ ಮಾರ್ಚ್ ಹೊತ್ತಿಗೆ ಬೆಂಗಳೂರಿನ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಊರಿಗೆ ದಿನಕ್ಕೆ ಬೇಕಾದದ್ದು 260 ಕೋಟಿ ಲೀಟರ್, ಕೊರತೆ ಸುಮಾರು 50 ಕೋಟಿ ಲೀಟರ್ ಎಂಬುದು ಆಗಿನ ಲೆಕ್ಕ.

ಇಂಥ ಊರಿನಲ್ಲಿ ಒಂದೊಂದು ಮನೆಗೂ ಬರುವ ನೀರು ಬೇರೆ. ಒಬ್ಬರದು ಕಾವೇರಿ, ಇನ್ನೊಬ್ಬರದು ಬೋರ್‌ವೆಲ್, ಮತ್ತೊಬ್ಬರದು ಟ್ಯಾಂಕರ್. ಬಹಳ ಮನೆಗಳ ಸಂಪಿನಲ್ಲಿ ಮೂರೂ ಕಲೆತಿರುತ್ತವೆ. ಆದ್ದರಿಂದ 'ಯಾವ ನೀರು?' ಎಂಬ ಪ್ರಶ್ನೆ ಇಲ್ಲಿ ಸರಿಯಾದದ್ದೇ. ತೊಡಕಿರುವುದು ಉತ್ತರದಲ್ಲಿ. ಬಕೆಟ್ಟಿನೊಳಗಿನ ನೀರಿಗೆ ಊರಿನ ಹೆಸರು ಬರೆದಿರುವುದಿಲ್ಲ. ಕಾವೇರಿಯೂ ಪಾರದರ್ಶಕ, ಟ್ಯಾಂಕರಿನದೂ ಪಾರದರ್ಶಕ. ಪೈಪನ್ನಾದರೆ ದೂರದಿಂದಲೇ ಗುರುತಿಸಬಹುದು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಪೈಪಿನಲ್ಲಿ ನಿಮಿಷಕ್ಕೆ 15 ಲೀಟರ್ ಬರುತ್ತದೆಂದು ಇಟ್ಟುಕೊಳ್ಳಿ. ಹತ್ತು ನಿಮಿಷಕ್ಕೆ 150 ಲೀಟರ್. ಬಕೆಟ್ಟಿಗೆ ಹಿಡಿಯುವುದು 15 ಲೀಟರ್. ಬೆಂಗಳೂರಿನಲ್ಲಿ 20 ಲಕ್ಷಕ್ಕೂ ಹೆಚ್ಚು ಕಾರುಗಳಿವೆ. ಎಲ್ಲರೂ ಒಂದೇ ದಿನ, ಆಯುಧಪೂಜೆಯ ಹಿಂದಿನ ಸಂಜೆಯ ಹಾಗೆ, ಪೈಪು ಹಿಡಿದರೆ ಕನಿಷ್ಠ 30 ಕೋಟಿ ಲೀಟರ್ ಬೇಕು. ಆಗ ದಿನಕ್ಕೆ ಬರುತ್ತಿದ್ದ ಕಾವೇರಿ ನೀರು ಸುಮಾರು 145 ಕೋಟಿ ಲೀಟರ್. ಅದರ ಐದನೇ ಒಂದು ಪಾಲು ಅಲ್ಲಿಗೇ ಮುಗಿಯಿತು. ಎಲ್ಲರೂ ಬಕೆಟ್ಟು ಹಿಡಿದರೆ ಮೂರು ಕೋಟಿ ಸಾಕು. ನೀರು ಯಾವುದೇ ಇರಲಿ, ಪೈಪಿಗೂ ಬಕೆಟ್ಟಿಗೂ ಹತ್ತುಪಟ್ಟು ಅಂತರ.

ಹಣದ ಲೆಕ್ಕವೂ ಇದೆ. ಆ ಮಾರ್ಚಿನಲ್ಲಿ ಜಿಲ್ಲಾಡಳಿತ ನಿಗದಿ ಮಾಡಿದ ದರದಂತೆ 5 ಕಿಲೋಮೀಟರ್ ಒಳಗೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ. ಒಂದು ಬಕೆಟ್ಟಿಗೆ ಒಂದೂಕಾಲು ರೂಪಾಯಿ. ಬರದ ನಡುವೆಯೂ ಕಾರಿರುವವನಿಗೆ ಕಾರು ತೊಳೆಯುವ ನೀರು ಒಂದು ಚಾಕೊಲೇಟಿನ ಬೆಲೆಗೆ ಸಿಗುತ್ತಿತ್ತು. ಬೆಲೆ ತಡೆಯಲಾರದ್ದನ್ನು ದಂಡ ತಡೆಯಬೇಕಾಯಿತು.

ಇಷ್ಟರವರೆಗೂ ನಾನು ಹೇಳಿದ ಕಾನೂನುಗಳೆಲ್ಲ ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡಿವೆ. ಕಾರಿನ ಒಡೆಯನೇ ಕಾರು ತೊಳೆಯುತ್ತಾನೆ ಎಂಬುದು ಅದು. ಇಂಗ್ಲೆಂಡಿನಲ್ಲಿ, ಮೆಲ್ಬರ್ನಿನಲ್ಲಿ ಅದು ಬಹುಮಟ್ಟಿಗೆ ನಿಜ. ಭಾನುವಾರ ಬೆಳಿಗ್ಗೆ ಚಡ್ಡಿ ತೊಟ್ಟು ಕಾರು ತೊಳೆಯುವ ಗೃಹಸ್ಥ ಅಲ್ಲಿನ ಬೀದಿಯ ಸಾಮಾನ್ಯ ನೋಟ. ನಮ್ಮಲ್ಲಿ ಹಾಗಲ್ಲ. 2019ರ ಬೇಸಿಗೆಯಲ್ಲಿ ಗುರುಗ್ರಾಮದಲ್ಲಿ ಹೆಸರಾಂತ ಕ್ರಿಕೆಟ್ ಆಟಗಾರರೊಬ್ಬರ ಮನೆಯ ಮುಂದೆ ಕುಡಿಯುವ ನೀರಿನಿಂದ ಕಾರು ತೊಳೆದದ್ದಕ್ಕೆ ನಗರಪಾಲಿಕೆ 500 ರೂಪಾಯಿ ದಂಡ ಹಾಕಿದ ಸುದ್ದಿ ದೇಶವೆಲ್ಲ ಓಡಾಡಿತು. ತೊಳೆಯುತ್ತಿದ್ದವರು ಮನೆಗೆಲಸದವರು. ಸುದ್ದಿಯಲ್ಲಿ ಹೆಸರು ಬಂದದ್ದು ಮಾತ್ರ ಮನೆಯವರದು.

ನಮ್ಮ ಬೀದಿಯಲ್ಲಿ ಕಾರು ಒರೆಸುವವನು ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆಯ ಯುವಕ. ಬೆಳಗಿನ ಐದಕ್ಕೆ ಸೈಕಲ್ಲಿನ ಹ್ಯಾಂಡಲಿಗೆ ಎರಡು ಬಕೆಟ್ಟು ನೇತುಹಾಕಿಕೊಂಡು ಬರುತ್ತಾನೆ. ಬೀದಿ ಏಳುವ ಹೊತ್ತಿಗೆ ಹನ್ನೆರಡು ಹದಿಮೂರು ಕಾರು ಮುಗಿದಿರುತ್ತವೆ. ಆಮೇಲೆ ಒಂದು ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಊರಿನಲ್ಲಿ ಎರಡೆಕರೆ ಒಣಬೇಸಾಯ. ಮಳೆ ಹೋದ ವರ್ಷ ಗುಳೆ ಬಂದವನು ಇಲ್ಲೇ ಉಳಿದಿದ್ದಾನೆ. ದಂಡದ ಸುದ್ದಿ ಬಂದ ವಾರವೇ ಅರ್ಧ ಮನೆಗಳವರು 'ಸದ್ಯಕ್ಕೆ ಬೇಡಪ್ಪ, ಮಳೆ ಬಂದ ಮೇಲೆ ಹೇಳ್ತೀವಿ' ಅಂದರು. ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ ಅವನು ನನಗೆ ಹೇಳಿದ್ದು ಇಷ್ಟೇ: "ದಂಡ ನಿಮಗ ಬೀಳ್ತದ ಖರೆ ಸರ್, ಪಗಾರ ಹೋಗೋದು ನಂದು. ನಮ್ಮೂರಾಗ ಬರ ಬಿದ್ರ ಹೊಲ ಹೋಗ್ತದ, ಇಲ್ಲಿ ಬಿದ್ರ ಕೆಲಸ ಹೋಗ್ತದ."

ಅವನು ಕೆಲಸ ಮಾಡುವ ರೀತಿಯನ್ನು ಆಗ ಹತ್ತಿರದಿಂದ ನೋಡಿದೆ. ಒಂದು ಕಾರಿಗೆ ಅರ್ಧ ಬಕೆಟ್ ನೀರು. ಮೊದಲು ಒದ್ದೆ ಬಟ್ಟೆಯನ್ನು ಒತ್ತದೆ, ಉಜ್ಜದೆ, ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಎಳೆಯುತ್ತಾನೆ. ಒಣಧೂಳನ್ನು ಒಣಬಟ್ಟೆಯಿಂದ ಉಜ್ಜಿದರೆ ಮರಳಿನ ಕಣ ಬಣ್ಣವನ್ನು ಗೀಚುತ್ತದೆ ಎಂಬುದು ಅವನ ಕೈಗೆ ಗೊತ್ತು. ಚಾವಣಿ ಮೊದಲು, ಗಾಜು ಆಮೇಲೆ, ಬಾಗಿಲಿನ ಕೆಳಭಾಗ ಅದರ ನಂತರ, ಚಕ್ರ ಕೊನೆಗೆ. ಚಕ್ರದ ಬಟ್ಟೆ ಬೇರೆ, ಮೈಯ ಬಟ್ಟೆ ಬೇರೆ. ಬಟ್ಟೆ ಜಾಲಿಸುವ ಬಕೆಟ್ಟು ಒಂದು, ಒರೆಸುವ ನೀರಿನ ಬಕೆಟ್ಟು ಇನ್ನೊಂದು. ಮಾರ್ಚಿನಲ್ಲಿ ಹೊಂಗೆ ಮರದ ಕೆಳಗೆ ನಿಂತ ಕಾರಿಗೆ ಅಂಟಂಟು ಹನಿ ಬಿದ್ದಿರುತ್ತದೆ, ಅದರ ಮೇಲೆ ಧೂಳು ಕೂತಿರುತ್ತದೆ. ಅದರ ಮೇಲೆ ಒದ್ದೆ ಬಟ್ಟೆ ಹಾಕಿ ಐದು ನಿಮಿಷ ನೆನೆಯಲು ಬಿಟ್ಟು, ಅಷ್ಟರಲ್ಲಿ ಪಕ್ಕದ ಕಾರು ಮುಗಿಸಿ ಬರುತ್ತಾನೆ. ಬ್ರಿಸ್ಬೇನಿನ ನಿಯಮ ಬರೆದವರು ಹೇಳಿದ್ದನ್ನೆಲ್ಲ ಇವನು ಯಾರೂ ಹೇಳದೆಯೇ ಮಾಡುತ್ತಿದ್ದ. ಪೈಪು ಹಿಡಿಯುತ್ತಿದ್ದವರು ಬೇರೆ: ರಜೆಯ ದಿನ ಗೇಟು ತೆರೆದು, ಕಾರಿನ ಜೊತೆಗೆ ಅಂಗಳ, ಅಂಗಳದ ಜೊತೆಗೆ ಬೀದಿಯನ್ನೂ ತೊಳೆಯುವವರು. ಆದೇಶ ಇಬ್ಬರಿಗೂ ಒಂದೇ.

ನಾವು ನಾಲ್ಕು ಮನೆಯವರು ಮಾತಾಡಿಕೊಂಡು ಒಂದು ಏರ್ಪಾಡು ಮಾಡಿದೆವು. ವಾರಕ್ಕೆ ಎರಡು ದಿನ ಒರೆಸುವುದು, ಸಂಬಳ ಮೊದಲಿನಷ್ಟೇ, ನೀರು ಮಾತ್ರ ನಲ್ಲಿಯದಲ್ಲ. ಕುಡಿಯುವ ನೀರನ್ನು ಶುದ್ಧ ಮಾಡುವ ಆರ್‌ಓ ಯಂತ್ರ ಪ್ರತಿ ಲೀಟರಿಗೆ ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಅದು ಮೊದಲೆಲ್ಲ ಸಿಂಕಿಗೆ ಹೋಗುತ್ತಿತ್ತು. ಅದನ್ನು ಹಿಡಿದಿಟ್ಟೆವು. ಅದರಲ್ಲಿ ಲವಣ ಹೆಚ್ಚು, ಬಣ್ಣದ ಮೇಲೆ ಒಣಗಿದರೆ ಬಿಳಿ ಚುಕ್ಕೆ ನಿಲ್ಲುತ್ತದೆ. ಹಾಗಾಗಿ ಅದು ಚಕ್ರಕ್ಕೆ ಮತ್ತು ಬಟ್ಟೆ ಜಾಲಿಸಲು. ಏಸಿಯಿಂದ ತೊಟ್ಟಿಕ್ಕುವ ನೀರು ಗಾಳಿಯ ತೇವ ತಣಿದು ಬಂದದ್ದು, ಅದರಲ್ಲಿ ಲವಣವಿಲ್ಲ. ಗಾಜಿಗೂ ಮೈಗೂ ಅದು ನಲ್ಲಿಯ ನೀರಿಗಿಂತ ಚೆನ್ನ. ಯಾವುದು ಎಲ್ಲಿಗೆ ಎಂದು ಎರಡೇ ದಿನದಲ್ಲಿ ಅವನೇ ವಿಂಗಡಿಸಿಕೊಂಡ. ಕಾರುಗಳು ಕನ್ನಡಿಯಂತೆ ಹೊಳೆಯಲಿಲ್ಲ. ದಾರಿ ಕಾಣುತ್ತಿತ್ತು, ಬಣ್ಣ ಹಾಳಾಗಲಿಲ್ಲ. ಅವನು ಬೀದಿ ಬಿಡಲಿಲ್ಲ.

ಇದರಿಂದ ಬೆಂಗಳೂರಿನ ನೀರಿನ ಕಷ್ಟ ತೀರಿತೆಂದು ಹೇಳುತ್ತಿಲ್ಲ. ನಾಲ್ಕು ಮನೆಯ ಆರ್‌ಓ ನೀರು ಯಾವ ಲೆಕ್ಕಕ್ಕೂ ಇಲ್ಲ. ಆದೇಶವೇ ತಪ್ಪೆಂದೂ ಹೇಳುತ್ತಿಲ್ಲ. 100 ಕಿಲೋಮೀಟರ್ ದೂರದಿಂದ ಹತ್ತಿಸಿ ತಂದು, ಶುದ್ಧ ಮಾಡಿ, ಕ್ಲೋರಿನ್ ಹಾಕಿದ ನೀರನ್ನು ಚಕ್ರದ ಕೆಸರಿಗೆ ಸುರಿಯುವುದು ಮಳೆ ಚೆನ್ನಾಗಿ ಬಂದ ವರ್ಷದಲ್ಲೂ ಸರಿಯಲ್ಲ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚಿಗೆ ತರುವ ಯೋಜನೆ. ಆ 110 ಹಳ್ಳಿಗಳಿಗೆಂದೇ ಬಂದದ್ದು. ಹಿಂದಿನ ಮುಂಗಾರು ಚೆನ್ನಾಗಿಯೇ ಆಗಿತ್ತು. ಆದರೂ 2025ರ ಫೆಬ್ರವರಿಯಲ್ಲಿ ಅದೇ ನಿಷೇಧ, ಅದೇ 5,000 ರೂಪಾಯಿ ಮತ್ತೆ ಬಂತು. ಹೆಸರಘಟ್ಟದಿಂದ ಇಲ್ಲಿಯವರೆಗಿನ ಚರಿತ್ರೆಯೂ ಅದನ್ನೇ ಹೇಳುತ್ತದೆ: ಈ ಊರಿಗೆ ಎಷ್ಟು ನೀರು ತಂದರೂ ಮುಂದಿನ ಬೇಸಿಗೆಗೆ ಸಾಲುವುದಿಲ್ಲ. ಹಾಗಿದ್ದ ಮೇಲೆ ಈ ನಿಯಮ ಬರದ ವರ್ಷದ ನಿಯಮವಲ್ಲ, ನಾವು ದಿನವೂ ಬದುಕಬೇಕಾದ ನಿಯಮ. ದಿನವೂ ಬದುಕಬೇಕಾದದ್ದನ್ನು ಸ್ವಲ್ಪ ಯೋಚಿಸಿ ಬರೆದುಕೊಳ್ಳಬೇಕು.

ಯಾವುದರಿಂದ ತೊಳೆಯುತ್ತೀರಿ ಎಂದು ಇಂಗ್ಲೆಂಡು ಕೇಳಿತು. ಯಾವ ನೀರಿನಿಂದ ಎಂದು ಕೇಪ್‌ಟೌನು ಕೇಳಿತು. ನಮಗೆ ಈ ಎರಡೂ ಪ್ರಶ್ನೆ ಬೇಕು: ಪೈಪು ಯಾವ ಕಾಲಕ್ಕೂ ಬೇಡ, ಬಕೆಟ್ಟಿಗೆ ಎರಡನೇ ಸಲದ ನೀರು. ಇವುಗಳ ಜೊತೆಗೆ ನಮ್ಮ ಊರುಗಳಿಗಷ್ಟೇ ಸಲ್ಲುವ ಮೂರನೆಯ ಪ್ರಶ್ನೆಯೊಂದಿದೆ, ಅದನ್ನು ಯಾವ ಆದೇಶವೂ ಈವರೆಗೆ ಕೇಳಿಲ್ಲ: ತೊಳೆಯುವ ಕೈ ಯಾರದು? ಕಲ್ಯಾಣ ಕರ್ನಾಟಕದ ಹೊಲ ಒಣಗಿ ಬೆಂಗಳೂರಿಗೆ ಬಂದ ಕೈ ಅದು. ಒಂದೇ ಬರ ಒಬ್ಬನನ್ನು ಎರಡು ಸಲ ಹೊಡೆಯಬಾರದು. ಅಪಾರ್ಟ್‌ಮೆಂಟಿನ ಸಭೆಯಲ್ಲಿ, ಬಡಾವಣೆಯ ಸಂಘದಲ್ಲಿ ಮುಂದಿನ ಫೆಬ್ರವರಿಯ ಸುತ್ತೋಲೆ ಓದುವಾಗ 'ಕಾರು ತೊಳೆಯುವಂತಿಲ್ಲ' ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿಕೊಳ್ಳಲು ಖರ್ಚೇನೂ ಇಲ್ಲ: ಒರೆಸುವವರನ್ನು ಬಿಡಿಸುವಂತಿಲ್ಲ, ಸಂಬಳ ಕಡಿಮೆ ಮಾಡುವಂತಿಲ್ಲ.

ಧೂಳು ಕೂತ ಕಾರನ್ನು ಕಂಡು ನಗುವವರು ಈ ಊರಿನಲ್ಲಿ ಇನ್ನೂ ಇದ್ದಾರೆ. ಬೇಸಿಗೆಯ ಮಟ್ಟಿಗಾದರೂ ಧೂಳು ಹೊತ್ತ ಕಾರಿನಲ್ಲಿ ತಲೆಯೆತ್ತಿ ಓಡಾಡುವುದನ್ನು ನಾವು ರೂಢಿ ಮಾಡಿಕೊಳ್ಳಬಹುದು. ಮೊದಲ ಮಳೆ ಬಂದಾಗ ಬೀದಿಯ ಕಾರುಗಳನ್ನೆಲ್ಲ ಅದು ಪುಕ್ಕಟೆ ತೊಳೆದುಕೊಡುತ್ತದೆ. ಆಮೇಲೆ ಉಳಿಯುವ ನೀರಿನ ಕಲೆ ಒರೆಸಲು ಒಂದು ಬಟ್ಟೆ, ಅರ್ಧ ಬಕೆಟ್ ನೀರು, ಆ ಕೆಲಸ ಬಲ್ಲ ಒಬ್ಬ ಮನುಷ್ಯ ಇದ್ದರೆ ಸಾಕು.